ಪಿಎಚ್‌ಡಿ ಸೇರಿ ಮೂರು ತಿಂಗ್ಳಾತು, ಲ್ಯಾಬ್‌ನಾಗ ‘ಕೋಟಾ’ ಅಂತಾರ, ಇರ್ಲೋ ಬಿಡ್ಲೋ?

ಮಾನ್ವಿ_ಹುಡುಗ (ಪ್ರಶ್ನೆ):

ಎಲ್ಲಾರಿಗೂ ಶರಣ್ರಿ. ಸ್ವಲ್ಪ ಉದ್ದ ಆಗತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ, ಹಾಸ್ಟೆಲ್‌ನಾಗ ಹೇಳ್ಕೊಳಾಕ ಯಾರೂ ಇಲ್ಲ ಅದಕ್ಕ ಇಲ್ಲಿ ಬರಿಯಾಕತ್ತೀನಿ.

ನಂದು ರಾಯಚೂರು ಜಿಲ್ಲಾ, ಮಾನ್ವಿ ಕಡಿ ಒಂದು ಹಳ್ಳಿ. ಅಪ್ಪ ಎಪಿಎಂಸಿಯಾಗ ಹಮಾಲಿ, ಅವ್ವ ಹತ್ತಿ ಬಿಡಸಾಕ ಹೋಗ್ತಾಳ. ಎಸ್‌ಎಸ್‌ಎಲ್‌ಸಿ ತನಕ ಸರ್ಕಾರಿ ಕನ್ನಡ ಸಾಲಿ, ಆಮ್ಯಾಲ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನಾಗ ಇದ್ಕೊಂಡು ಬಿಎಸ್ಸಿ, ಎಂಎಸ್ಸಿ ಬಯೋಕೆಮಿಸ್ಟ್ರಿ ಮುಗಿಸಿದೆ. ಎಂಎಸ್ಸಿ ಸೀಟಿಗೆ 371ಜೆ ಸರ್ಟಿಫಿಕೇಟ್ ಉಪಯೋಗಕ್ಕ ಬಂತು, ಇಲ್ಲಿ ಸೆಂಟ್ರಲ್ ಸಂಸ್ಥೆಯಾಗ ಅದೇನೂ ನಡಿಯಂಗಿಲ್ಲ. ಎರಡನೇ ಸಲಕ್ಕ ಸಿಎಸ್‌ಐಆರ್ ನೆಟ್‌ ಪರೀಕ್ಷಾದಾಗ ಜೆಆರ್‌ಎಫ್ (ಪಿಎಚ್‌ಡಿ ಮಾಡೋರಿಗೆ ಕೊಡೋ ಫೆಲೋಶಿಪ್) ಆತು, ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯಾಗ (ಹೆಸರು ಬ್ಯಾಡ್ರಿ) ಇಂಟರ್‌ವ್ಯೂ ಕೊಟ್ಟೆ, ಎಸ್‌ಸಿ ಸೀಟಿನ್ಯಾಗ ಪಿಎಚ್‌ಡಿ ಸಿಕ್ತು. ಊರಾಗ ನನ್ನ ಫ್ಲೆಕ್ಸ್ ಹಾಕ್ಸಿದ್ರು, ಅದು ಬ್ಯಾರೆ ಕತಿ.

ನಮ್ಮ ಎಂಎಸ್ಸಿ ಡಿಪಾರ್ಟ್‌ಮೆಂಟಿನ್ಯಾಗ ಮೈಕ್ರೋಪಿಪೆಟ್ (ಹನಿಗಿಂತ ಕಮ್ಮಿ ದ್ರವ ಅಳದು ಎಳಿಯೋ ಸಾಧನ) ಇದ್ದದ್ದು ಒಂದ ಸೆಟ್, ಅದೂ ಬೀರುದಾಗ ಕೀಲಿ ಹಾಕಿ ಇಡ್ತಿದ್ರು, ಇನ್‌ಸ್ಪೆಕ್ಷನ್ ಬಂದ್ರ ಹೊರಗ ಬರೋದು. ಇಲ್ಲಿ ಮೊದಲನೇ ವಾರ 10 ಮೈಕ್ರೋಲೀಟರ್ ಎಂಜೈಮ್ ತಗೋ ಅಂದ್ರು. ನಾ ಬಟನ್ ಪೂರ್ತಿ ಕೆಳಗ ಎರಡನೇ ಸ್ಟಾಪಿನ ತನಕ ಒತ್ತಿ ಎಳದುಬಿಟ್ಟೆ, ಹತ್ತರ ಬದಲಿ ಹೆಚ್ಚಿಗಿ ಬಂತು, ಆ ಎಂಜೈಮ್ ತುಟ್ಟೀದಂತ. ಬಾಜೂಕ್ಕಿದ್ದ ಸೀನಿಯರ್ ನಕ್ಕು ‘ಇದೂ ಬರಲ್ವಾ, ಯಾವ್ ಕೆಟಗರಿಲಿ ಬಂದಿದ್ದು ನೀನು’ ಅಂದ್ರು. ಉಳಿದವ್ರೂ ನಕ್ರು. ನಾನೂ ನಕ್ಕೆ, ಏನ್ ಮಾಡ್ಲಿ.

ಅವತ್ತಿಂದ ಯಾರೂ ಮಾರಿ ಮುಂದ ಏನೂ ಅಂದಿಲ್ಲ, ಆದ್ರ ಮೆಸ್‌ನಾಗ ಟೇಬಲ್ ಹತ್ರ ಹೋದ್ರ ಮಾತು ನಿಂತ್ಹೋಗತೈತಿ, ಒಂದೆರಡು ಸಲ ‘ಕೋಟಾ’ ಅನ್ನೂದು ಕಿವೀಗೆ ಬಿದ್ದೈತಿ. ಸೋಮವಾರ ಗ್ರೂಪ್ ಮೀಟಿಂಗ್ ಪೂರಾ ಇಂಗ್ಲಿಷ್. ವಿಷಯ ತಿಳಿತೈತಿ, ಬಾಯಿ ಬರಂಗಿಲ್ಲ. ಬಯೋಸ್ಟಾಟ್ (ಜೀವಶಾಸ್ತ್ರದ ಅಂಕಿಸಂಖ್ಯಿ ಲೆಕ್ಕ) ಕೋರ್ಸ್‌ವರ್ಕ್ ತಲಿ ಮ್ಯಾಲೆ ಕುಂತೈತಿ. ಫೆಲೋಶಿಪ್ ಇನ್ನೂ ಒಂದು ರೂಪಾಯಿ ಬಂದಿಲ್ಲ, ಮನ್ಯಾಗ ನನಗ ತಿಂಗಳಿಗೆ 37,000 ಪಗಾರ ಅಂತ ತಿಳ್ಕೊಂಡಾರ, ಅಪ್ಪ ಫೋನ್ ಹಚ್ಚಿ ‘ಪಗಾರ ಆತೇನಪಾ’ ಅಂತಾನ.

ಕೆ-ಸೆಟ್ (ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷಾ) ಪಾಸಾಗೇನಿ. ಊರ ಕಡಿ ಡಿಗ್ರಿ ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕ ಆಗಿ ಹೋಗಿಬಿಡ್ಲೇನು ಅನ್ನಸ್ತದ. ಇಂಥಾದ್ದು ದಾಟಿ ಬಂದವ್ರು ಯಾರರ ಇದ್ರ ಹೇಳ್ರಿ. ಧೈರ್ಯ ತುಂಬೋ ಮಾತು ಬ್ಯಾಡ, ಏನ್ ಮಾಡ್ಬೇಕು ಅದನ್ನ ಹೇಳ್ರಿ.

---

ಹಾಸನ_ಟು_ಹೈಡಲ್‌ಬರ್ಗ್:

ತಮ್ಮ, ನಾನು ಬಿಸಿಎಂ ಹಾಸ್ಟೆಲ್ ಗಿರಾಕಿ, ಈಗ ಜರ್ಮನಿಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ್ಮೇಲಿನ ಸಂಶೋಧನೆ ಕೆಲ್ಸ). ಧೈರ್ಯ ತುಂಬಲ್ಲ, ಕೆಲ್ಸದ್ದೇ ಹೇಳ್ತೀನಿ.

ಮೊದ್ಲು ಪಿಪೆಟ್. ಇದು ಬುದ್ಧಿ ವಿಷಯ ಅಲ್ಲ ಕಣೋ, ಕೈ ವಿಷಯ, ಸೈಕಲ್ ಥರ. ಸಂಜೆ ಎಲ್ಲಾ ಹೋದ್ಮೇಲೆ ಲ್ಯಾಬಿನ ಸಣ್ಣ ಬ್ಯಾಲೆನ್ಸ್ ಮೇಲೆ ಒಂದು ಖಾಲಿ ಟ್ಯೂಬ್ ಇಟ್ಟು ಸೊನ್ನೆ ಮಾಡ್ಕೋ, 100 ಮೈಕ್ರೋಲೀಟರ್ ಡಿಸ್ಟಿಲ್ಡ್ ವಾಟರ್ ಹಾಕು, ಹೆಚ್ಚೂ ಕಮ್ಮಿ 100 ಮಿಲಿಗ್ರಾಂ ತೋರಿಸ್ಬೇಕು. ಎಳೆಯೋವಾಗ ಮೊದಲನೇ ಸ್ಟಾಪ್, ಬಿಡೋವಾಗ ಎರಡನೇದು. ದಿನಾ ಇಪ್ಪತ್ತು ಸಲ ಮಾಡಿ ನೋಟ್‌ಬುಕ್‌ನಲ್ಲಿ ಬರ್ಕೋ. ಹದಿನೈದು ದಿನ ಸಾಕು. ನಾನು ಇಲ್ಲಿ ಬಂದಾಗ ಇಲ್ಲಿನ ಮಾಸ್ಟರ್ಸ್ ಹುಡುಗ್ರಿಗೂ ಮೊದಲ್ನೇ ವಾರ ಇದನ್ನೇ ಮಾಡಿಸ್ತಿದ್ರು, ಯಾರೂ ನಗ್ತಿರ್ಲಿಲ್ಲ. ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಬೀರುಗೆ ಬೀಗ ಹಾಕಿದೋರು ಮಾಡಿದ ತಪ್ಪಿಗೆ ನೀನು ಯಾಕೆ ತಲೆ ತಗ್ಗಿಸ್ತೀಯಾ.

ಎರಡನೇದು ದುಡ್ಡು. ಸಿಎಸ್‌ಐಆರ್ ಫೆಲೋಶಿಪ್ ತಾನಾಗೇ ಶುರು ಆಗಲ್ಲ, ಜಾಯ್ನಿಂಗ್ ರಿಪೋರ್ಟ್ ಗೈಡ್ ಸಹಿ, ಸಂಸ್ಥೆ ಸಹಿ ಆಗಿ ದಿಲ್ಲಿಗೆ ಹೋಗ್ಬೇಕು. ನೂರಕ್ಕೆ ತೊಂಬತ್ತು ಸಲ ಅದು ನಮ್ಮದೇ ಆಫೀಸಿನ ಯಾವ್ದೋ ಟೇಬಲ್ ಮೇಲೆ ಮಲಗಿರುತ್ತೆ. ನಾಳೆನೇ ಹೋಗಿ ‘ಯಾವ ತಾರೀಖಿಗೆ ಕಳಿಸಿದ್ರಿ, ರವಾನೆ ನಂಬರ್ ಕೊಡಿ’ ಅಂತ ಕೇಳು, ಕೊಡ್ಲಿಲ್ಲ ಅಂದ್ರೆ ಇಮೇಲ್‌ನಲ್ಲಿ ಕೇಳು, ಗೈಡ್‌ಗೆ ಸಿಸಿ ಹಾಕು. ಬಂದಾಗ ಸೇರಿದ ದಿನದಿಂದ ಲೆಕ್ಕ ಹಾಕಿ ಒಟ್ಟಿಗೆ ಬರುತ್ತೆ. ಅಪ್ಪಂಗೆ ನಿಜ ಹೇಳ್ಬಿಡು, ಹಮಾಲಿ ಮಾಡೋರಿಗೆ ಬಟವಾಡೆ ತಡ ಆಗೋದು ಅರ್ಥ ಆಗದೇ ಇರೋ ವಿಷಯ ಏನಲ್ಲ.

ಮೂರನೇದು ಮಾತು. ನಾನು ಮೊದಲ್ನೇ ವರ್ಷ ಎಲ್ಲಾ ಪೇಪರ್‌ನೂ ಓದಿ ಕನ್ನಡದಲ್ಲಿ ನಾಲ್ಕು ಸಾಲು ಬರ್ಕೋತಿದ್ದೆ, ಇವರು ಏನ್ ಕೇಳಿದ್ರು, ಹೆಂಗೆ ನೋಡಿದ್ರು, ಏನ್ ಸಿಕ್ತು, ನಂಗೆಲ್ಲಿ ಡೌಟು. ಆ ನಾಲ್ಕನೇ ಸಾಲನ್ನ ಮಾತ್ರ ಇಂಗ್ಲಿಷ್ ಮಾಡ್ಕೊಂಡು ಮೀಟಿಂಗ್‌ನಲ್ಲಿ ಕೇಳ್ತಿದ್ದೆ. ವಾರಕ್ಕೆ ಒಂದೇ ಪ್ರಶ್ನೆ. ಸಾಕು.

---

ನೇರ_ಮಾತು:

ಬೇಜಾರ್ ಮಾಡ್ಕೋಬೇಡ ಬ್ರೋ, ನಿನ್ನ ಬಗ್ಗೆ ಏನೂ ಇಲ್ಲ, ಆದ್ರೆ ಒಂದು ಮಾತು ಹೇಳ್ಲೇಬೇಕು. ನಂದು ಜನರಲ್ ಮೆರಿಟ್. ನಮ್ಮಪ್ಪ ಮದುವೆ ಮನೆಗಳಿಗೆ ಅಡುಗೆ ಕೆಲ್ಸಕ್ಕೆ ಹೋಗ್ತಿದ್ರು, ನಾನು ಸೌಟು ತೊಳ್ದು ಓದಿದೋನು. ನಂಗೂ ಇಂಗ್ಲಿಷ್ ಬರ್ತಿರ್ಲಿಲ್ಲ, ಪಿಪೆಟ್ ನಾನೂ ನೋಡಿರ್ಲಿಲ್ಲ. ಒಂದೂವರೆ ಮಾರ್ಕ್ಸ್‌ನಲ್ಲಿ ನಂಗೆ ಜೆಆರ್‌ಎಫ್ ಹೋಯ್ತು, ಅದಕ್ಕಿಂತ ಕಮ್ಮಿ ತಗೊಂಡೋರಿಗೆ ಸಿಕ್ತು. ಬಡ ಜನರಲ್‌ನೋರಿಗೆ ಇಡಬ್ಲ್ಯೂಎಸ್ 10% ಬಂದಿದ್ದು 2019ರಲ್ಲಿ, ಅಷ್ಟೊತ್ತಿಗೆ ನಂಗೆ ವಯಸ್ಸು ಮೀರಿತ್ತು. ಸೈನ್ಸ್‌ನಲ್ಲಾದ್ರೂ ಮೆರಿಟ್ ಒಂದೇ ಇರ್ಬೇಕು ಅನ್ನೋದು ನನ್ನ ಅಭಿಪ್ರಾಯ. ಬೈಯೋರು ಬೈಯಿರಿ.

---

ಹಳೇ_ಪೇಪರ್_ಓದೋನು:

@ನೇರ_ಮಾತು ಬೈಯಲ್ಲ ಸಾರ್. ನಿಮ್ಮ ಬಡತನ ಸುಳ್ಳು ಅಂತ ಯಾರೂ ಹೇಳಲ್ಲ. ಒಂದೇ ಒಂದು ಕೇಳ್ತೀನಿ, ನಿಮ್ಮ ಪ್ರಯೋಗ ಕೆಟ್ಟಾಗ ಯಾರಾದ್ರೂ ‘ಯಾವ ಜಾತಿ ನಿಂದು’ ಅಂದ್ರಾ? ನೀವು ತಪ್ಪು ಮಾಡಿದ್ರೆ ಅದು ನಿಮ್ಮೊಬ್ಬರ ತಪ್ಪು, ಈ ಹುಡುಗ ಮಾಡಿದ್ರೆ ಅವನ ಕೇರಿ ಪೂರ್ತಿದು. ವ್ಯತ್ಯಾಸ ಅಷ್ಟೇ ಇರೋದು.

ಇನ್ನು ಮೆರಿಟ್ ಮಾತು. ಈ ಜಗಳ ನಮ್ಮ ಮೈಸೂರಲ್ಲಿ ನೂರು ವರ್ಷ ದಾಟಿದೆ. 1918ರಲ್ಲಿ ನಾಲ್ವಡಿಯವರು ಹಿಂದುಳಿದೋರಿಗೆ ಸರ್ಕಾರಿ ಕೆಲ್ಸದಲ್ಲಿ ಜಾಗ ಕೊಡೋ ಬಗ್ಗೆ ಮಿಲ್ಲರ್ ಸಮಿತಿ ಮಾಡಿದಾಗ ದಿವಾನ್ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆ ಇರ್ಲಿಲ್ಲ, ದಕ್ಷತೆ ಹೋಗುತ್ತೆ ಅನ್ನೋ ವಾದ, ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ರು. ಕಟ್ಟೆ ಕಟ್ಟಿದ ಕೈಗೆ ಮುಗೀತೀನಿ, ಈ ವಿಷಯದಲ್ಲಿ ಮಾತ್ರ ಮಹಾರಾಜರ ಕಡೆ ನಾನು.

ವಿಜ್ಞಾನದಲ್ಲಿ ಮೆರಿಟ್ ಒಂದೇ ಇತ್ತಾ ಅಂದ್ರೆ, 1933ರಲ್ಲಿ ಬಾಂಬೆಯಿಂದ ಕಮಲಾ ಭಾಗವತ್ ಅನ್ನೋ ಹುಡುಗಿ (ಆಮೇಲೆ ಕಮಲಾ ಸೊಹೊನಿ) ಡಿಗ್ರಿ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಈಗಿನ ಐಐಎಸ್‌ಸಿ) ಅರ್ಜಿ ಹಾಕಿದ್ರೆ ಡೈರೆಕ್ಟರ್ ಸಿ.ವಿ. ರಾಮನ್ ಹೆಣ್ಣು ಅನ್ನೋ ಕಾರಣಕ್ಕೇ ಬೇಡ ಅಂದ್ರು. ಆಕೆ ಬಿಡ್ಲಿಲ್ಲ, ಬಂದು ಕೂತ್ರು, ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಅಂತ ಷರತ್ತು ಹಾಕಿ ಸೇರಿಸ್ಕೊಂಡ್ರು. ಗಂಡು ಹುಡುಗ್ರಿಗೆ ಇಲ್ದೇ ಇರೋ ಷರತ್ತು ನೋಡಿ. ಆಕೆ ಆಮೇಲೆ ಕೇಂಬ್ರಿಡ್ಜ್‌ಗೆ ಹೋಗಿ 1939ರಲ್ಲಿ ಪಿಎಚ್‌ಡಿ ತಗೊಂಡ್ರು. ಅದೇ ರಾಮನ್ ಕೈಕೆಳಗೆ 1940ರಿಂದ ವಜ್ರ, ಮಾಣಿಕ್ಯದ ಬೆಳಕಿನ ಮೇಲೆ ಕೆಲ್ಸ ಮಾಡಿದ ಅನ್ನಾ ಮಣಿ ಐದು ಪೇಪರ್ ಬರೆದ್ರು, ಥೀಸಿಸ್ ಬರೆದ್ರು, ಎಂಎಸ್ಸಿ ಇಲ್ಲ ಅಂತ ಮದ್ರಾಸ್ ಯೂನಿವರ್ಸಿಟಿ ಡಾಕ್ಟರೇಟ್ ಕೊಡ್ಲಿಲ್ಲ. ಹವಾಮಾನ ಇಲಾಖೆಯ ಎಷ್ಟೋ ಉಪಕರಣಗಳನ್ನ ದೇಶದಲ್ಲೇ ಮಾಡೋ ಹಾಗೆ ಮಾಡಿದ್ದು ಆಕೆ. ನಮ್ಮ ನಂಜನಗೂಡಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಮಿಶಿಗನ್‌ನಲ್ಲಿ ಪಿಎಚ್‌ಡಿ ಮಾಡಿ ವಾಪಸ್ ಬಂದು ಅದೇ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಮೈಕ್ರೋವೇವ್ ಪಾಠ ಮಾಡಿದ್ರು, ಆದ್ರೆ ಅವರ ಅಜ್ಜಿನೇ ಮೈಸೂರು ಸೀಮೆಯ ಮೊದಲ ಪದವೀಧರೆಯರಲ್ಲಿ ಒಬ್ಬರು, ಅಜ್ಜಿ ಕಟ್ಟಿದ ಸ್ಕೂಲಲ್ಲೇ ಮೊಮ್ಮಗಳು ಓದಿದ್ದು. ಮಾನ್ವಿ ಹುಡುಗನ ಅಜ್ಜಿಗೆ ಅಂಥ ಸ್ಕೂಲಿನ ಹೊಸ್ತಿಲು ತುಳಿಯೋಕೆ ಬಿಡ್ತಿದ್ರಾ ಅನ್ನೋದನ್ನ ನೀವೇ ಯೋಚ್ನೆ ಮಾಡಿ.

ಮತ್ತೆ ಭಾಷೆ. ನೀಟ್ ಕನ್ನಡದಲ್ಲಿದೆ, ಜೆಇಇ ಮೇನ್ 2021ರಿಂದ ಕನ್ನಡದಲ್ಲಿದೆ, ಆದ್ರೆ ಸಿಎಸ್‌ಐಆರ್ ನೆಟ್ ಪೇಪರ್ ಇವತ್ತಿಗೂ ಇಂಗ್ಲಿಷ್ ಮತ್ತೆ ಹಿಂದಿ. ಪಾಟ್ನಾ ಹುಡುಗಂಗೆ ಪ್ರಶ್ನೆ ಅರ್ಥ ಆಗ್ಲಿಲ್ಲ ಅಂದ್ರೆ ಪಕ್ಕದಲ್ಲೇ ಅವನ ಭಾಷೆ, ರಾಯಚೂರು ಹುಡುಗಂಗೆ ಡಿಕ್ಷನರಿನೂ ಇಲ್ಲ. ಸಾರ್, ನಿಮ್ಮ ಆ ಒಂದೂವರೆ ಮಾರ್ಕ್ಸ್ ಅಲ್ಲೂ ಹೋಗಿರ್ಬಹುದು, ಅದನ್ನ ಯಾರೂ ಕೇಳಲ್ಲ, ಎಲ್ಲಾರೂ ಪಕ್ಕದೋನ ಕೆಟಗರಿ ನೋಡ್ತಾರೆ.

ಇನ್ನೊಂದು, ಕೋಟಾ ಗೇಟ್ ತನಕ ಮಾತ್ರ. ಥೀಸಿಸ್ ಹೋಗೋದು ಹೊರಗಿನ ಇಬ್ಬರು ಪರೀಕ್ಷಕರ ಹತ್ರ, ಅದ್ರ ಮೇಲೆ ಕೆಟಗರಿ ಕಾಲಂ ಇರಲ್ಲ.

---

ಧಾರವಾಡ_ಬಾಟನಿ_ಮೇಡಂ:

ತಮ್ಮಾ, ಬಿಡಬ್ಯಾಡಾ. ಉಳಿದದ್ದು ಆಮ್ಯಾಲೆ ಹೇಳ್ತೇನಿ, ಮೊದಲ ಇದನ್ನ ಓದ್ಕೊ.

ನಾ ಬಿಟ್ಟಾಕಿ. ಮೂರನೇ ವರ್ಷದಾಗ. ಮದುವಿ ಆಗಿತ್ತು, ಬಸುರಿದ್ದೆ. ನಮ್ಮ ಲ್ಯಾಬಿನ್ಯಾಗ ಡಿಎನ್‌ಎ ಜೆಲ್‌ಗೆ ಎಥಿಡಿಯಂ ಬ್ರೋಮೈಡ್ ಅನ್ನೂ ಬಣ್ಣ ಹಾಕ್ತಿದ್ರು, ಅದು ಮೈಗೆ ಛಲೋ ಅಲ್ಲ ಅಂತ ಪುಸ್ತಕದಾಗ ಓದಿದ್ದೆ, ಯಾರೂ ಹೇಳಿರ್ಲಿಲ್ಲ. ಒಂದು ನಾಕು ತಿಂಗಳು ಜೆಲ್ ಬ್ಯಾರೆಯವ್ರು ಹಾಕಿಕೊಡ್ರಿ, ಉಳಿದ ಕೆಲಸ ನಾ ಎಲ್ಲಾ ಮಾಡ್ತೇನಿ ಅಂತ ಕೇಳ್ಕೊಂಡೆ. ‘ನೆಪ ಶುರು ಆದ್ವು ನೋಡ್ರಿ, ಅದಕ್ಕ ಹೆಣ್ಮಕ್ಳನ್ನ ತಗೋಬಾರ್ದು’ ಅಂದ್ರು. ಅಂದವ್ರು ಗೈಡ್ ಅಲ್ಲ, ನನ್ನ ಜೋಡಿನ ಸೇರಿದ್ದ ಹುಡುಗ. ಗೈಡ್ ಕೇಳಿಸಿಕೊಂಡೂ ಸುಮ್ನ ಪೇಪರ್ ನೋಡ್ಕೋತ ಕೂತ್ರು, ನನಗ ಸಿಟ್ಟು ಬಂದದ್ದು ಅದಕ್ಕ. ಮರುದಿನಾನ ಚೀಲ ತಗೊಂಡು ಬಂದ್ಬಿಟ್ಟೆ. ಮನ್ಯಾಗ ಎಲ್ಲಾರಿಗೂ ಖುಷಿ, ಛಲೋ ಆತು ಅಂದ್ರು.

ಮತ್ತ ಸೇರಬೇಕಾದ್ರ ಒಂಬತ್ತು ವರ್ಷ ಹಿಡೀತು. ಅತಿಥಿ ಉಪನ್ಯಾಸಕಿ ಆಗಿ ದುಡದೇನಿ, ಅದಕ್ಕ ಹೇಳ್ತೇನಿ, ನೀ ಅಂದ್ಕೊಂಡಂಗ ಅದೇನು ನೆರಳಲ್ಲ. ವರ್ಷಾ ವರ್ಷಾ ಹೊಸಾ ಅರ್ಜಿ, ರಜಾ ಬಂತಂದ್ರ ಪಗಾರಿಲ್ಲ, ಪಿಎಚ್‌ಡಿ ಇದ್ದವ್ರು ಬಂದ್ರ ನಿನ್ನ ತಾಸು ಅವರಿಗೆ. ಪಿಎಚ್‌ಡಿ ಬಿಟ್ಟು ಅಲ್ಲಿಗೆ ಹೋಗೋದಂದ್ರ ಪಿಎಚ್‌ಡಿ ಇದ್ದವ್ರ ಹಿಂದ ಸಾಲಿನ್ಯಾಗ ನಿಂತಂಗ.

ಈಗ ಕಾಲ ಸ್ವಲ್ಪ ಬದಲಾಗೇದ, ಅದನ್ನೂ ಹೇಳ್ಬೇಕು. ಯುಜಿಸಿ 2022ರ ನಿಯಮದಾಗ ಹೆಣ್ಮಕ್ಳಿಗೆ ಪಿಎಚ್‌ಡಿ ಅವಧಿಯೊಳಗ 240 ದಿನದ ತನಕ ಹೆರಿಗಿ ಇಲ್ಲಾ ಮಕ್ಕಳ ಪಾಲನೆ ರಜಾ ಅದ, ಹೆಣ್ಮಕ್ಳಿಗೆ ಮತ್ತ 40%ಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವ್ರಿಗೆ ಎರಡು ವರ್ಷ ಹೆಚ್ಚಿಗೆ ಕೊಡ್ತಾರ. ಕೇಂದ್ರದ ವೈಸ್-ಕಿರಣ್ ಯೋಜನೆಯೊಳಗ ನಡುವ ಬಿಟ್ಟ ಹೆಣ್ಮಕ್ಳು 45 ವರ್ಷದ ತನಕ ಪಿಎಚ್‌ಡಿಗೆ ಫೆಲೋಶಿಪ್ ಕೇಳಬಹುದು. ನಿನ್ನ ಲ್ಯಾಬಿನ್ಯಾಗ ಯಾರರ ಅಕ್ಕಾರಿದ್ರ ಹೇಳು, ಭಾಳ ಮಂದಿಗೆ ಗೊತ್ತಿರೂದಿಲ್ಲ.

ಬಯೋಸ್ಟಾಟ್ ಅಂದ್ರ ಅಷ್ಟ್ಯಾಕ ಅಂಜ್ತೀ. ನಾ ಡಿಗ್ರಿ ಹುಡುಗ್ರಿಗೆ ಟಿ-ಟೆಸ್ಟ್ ಹೇಳಿಕೊಡೂದು ಹೆಂಗಂದ್ರ, ಎರಡು ಹೊಲದ ಜ್ವಾಳದ ತೆನಿ ತೂಕ ಮಾಡಿಸಿ. ಇಲ್ಲಿದ್ದ ಫರಕು ಮಣ್ಣಿಂದೋ, ಸುಮ್ನ ಆದದ್ದೋ, ಇಷ್ಟ ಪ್ರಶ್ನೆ. ಪಿ ವ್ಯಾಲ್ಯೂ ಅಂದ್ರ ಸುಮ್ನ ಆಗಿದ್ರ ಇಷ್ಟು ಫರಕು ಬರೂದು ಎಷ್ಟು ಅಪರೂಪ ಅನ್ನೂದು. ಉಳಿದದ್ದು ಲೆಕ್ಕ, ಅದನ್ನ ಕಂಪ್ಯೂಟರ್ ಮಾಡತದ.

---

ರೋಸ್ಟರ್_ಲೆಕ್ಕ:

ಎಲ್ಲಾರೂ ಹುಡುಗನಿಗೆ ನೀನು ಹಂಗೆ ಮಾಡು ಹಿಂಗೆ ಮಾಡು ಅಂತಿದ್ದೀರಿ, ಸರಿ. ಒಂದು ಪ್ರಶ್ನೆ ನಂದು. ಆ ಲ್ಯಾಬಿಗೆ ಕೋಟಾದಲ್ಲಿ ಹುಡುಗ್ರು ಬರ್ತಾರೆ, ಹೇಳಿಕೊಡೋ ಕಡೆ ಕೂತೋರು ಯಾರು? 2019ರಲ್ಲಿ ಕೇಂದ್ರ ಶಿಕ್ಷಣ ಸಂಸ್ಥೆಗಳಲ್ಲಿ ಬೋಧಕರ ಮೀಸಲಾತಿಗೆ ಅಂತಲೇ ಕಾಯ್ದೆ ಆಯ್ತು, ಒಳ್ಳೇದು, ಇಡೀ ಸಂಸ್ಥೆನೇ ಒಂದು ಘಟಕ ಅಂತ ಮಾಡಿದ್ರು, ಇಲ್ಲಾಂದ್ರೆ ಒಂದೊಂದು ಡಿಪಾರ್ಟ್‌ಮೆಂಟ್‌ಗೆ ಎರಡು ಮೂರು ಹುದ್ದೆ ಅಂತ ತೋರಿಸಿ ರೋಸ್ಟರ್ ಪಾಯಿಂಟ್ (ಮೀಸಲು ಹುದ್ದೆಯ ಸರದಿ) ಬರೋಕೇ ಬಿಡ್ತಿರ್ಲಿಲ್ಲ. ಆದ್ರೆ ಅದೇ ಕಾಯ್ದೆ ಬಾಲದಲ್ಲಿ ಒಂದು ಪಟ್ಟಿ ಇದೆ, ಇವರಿಗೆಲ್ಲಾ ಇದು ಅನ್ವಯ ಆಗಲ್ಲ ಅಂತ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಹೋಮಿ ಭಾಭಾ ನ್ಯಾಷನಲ್ ಇನ್‌ಸ್ಟಿಟ್ಯೂಟ್, ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರ್, ಹಿಂಗೆ. ಉತ್ಕೃಷ್ಟತೆ ಇರೋ ಕಡೆ ಮೀಸಲಾತಿ ಇರಬಾರದು ಅನ್ನೋದನ್ನ ಕಾನೂನೇ ಬರೆದುಕೊಟ್ಟ ಮೇಲೆ ಬೆಂಚಿನ ಪಕ್ಕದ ಸೀನಿಯರ್ ‘ಯಾವ ಕೆಟಗರಿ’ ಅಂತ ಕೇಳಿದ್ರಲ್ಲಿ ಏನಾಶ್ಚರ್ಯ.

ಕೆಲ್ಸಕ್ಕೆ ಬರೋ ವಿಷಯ. ಯುಜಿಸಿ 2012ರ ನಿಯಮದ ಪ್ರಕಾರ ಸಮಾನ ಅವಕಾಶ ಘಟಕ, ತಾರತಮ್ಯ ವಿರೋಧಿ ಅಧಿಕಾರಿ ಇರ್ಬೇಕು. ನಿಮ್ದು ಯುಜಿಸಿ ಕೆಳಗೆ ಬರಲ್ಲ ಅಂದ್ರೂ ಎಸ್‌ಸಿ ಎಸ್‌ಟಿಗೆ ಲಿಯೇಸನ್ ಆಫೀಸರ್ ಅಂತ ಒಬ್ಬರು ಇರ್ತಾರೆ, ವೆಬ್‌ಸೈಟಿನ ಮೂಲೆಲಿ ಹೆಸರಿರುತ್ತೆ. ಇವತ್ತೇ ದೂರು ಕೊಡು ಅಂತ ಹೇಳ್ತಾ ಇಲ್ಲ, ದೂರು ಕೊಟ್ಟ ಮೇಲೂ ಅದೇ ಲ್ಯಾಬಲ್ಲಿ ಐದು ವರ್ಷ ಇರ್ಬೇಕಾದೋನು ನೀನು. ಆದ್ರೆ ತಾರೀಖು, ಟೈಮು, ಯಾರು, ಏನಂದ್ರು, ಪಕ್ಕದಲ್ಲಿ ಯಾರಿದ್ರು, ಇಷ್ಟು ಒಂದು ಡೈರಿಲಿ ಬರೆದಿಡು. ಮುಂದೆ ಬೇಕಾದ್ರೆ ನೆನಪಿನ ಮೇಲೆ ನಿಲ್ಲೋಕಾಗಲ್ಲ.

---

ನೇರ_ಮಾತು:

@ಹಳೇ_ಪೇಪರ್ ಭಾಷೆ ಪಾಯಿಂಟ್ ಒಪ್ಕೋತೀನಿ, ಆ ಥರ ಯೋಚ್ನೆ ಮಾಡಿರ್ಲಿಲ್ಲ. ಉಳಿದಿದ್ದಕ್ಕೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದ್ರೆ ಆ ಸೀನಿಯರ್ ಮಾಡಿದ್ದು ತಪ್ಪೇ, ಪಿಪೆಟ್ ಹಿಡಿಯೋದು ಹೇಳಿಕೊಡ್ಬೇಕಾಗಿದ್ದು ಅವನ ಕೆಲ್ಸ.

---

ಮಾನ್ವಿ_ಹುಡುಗ (ಮೂರು ವಾರದ ಮ್ಯಾಲೆ):

ಎಲ್ಲಾರಿಗೂ ಉಪಕಾರ ಆತ್ರಿ. ಬರಿಯಾಕ ತಡ ಆತು.

ಜಾಯ್ನಿಂಗ್ ರಿಪೋರ್ಟ್ ಹಾಸನದ ಅಣ್ಣಾರು ಹೇಳಿದಂಗ ನಮ್ಮ ಆಫೀಸಿನ ಟೇಬಲ್ ಮ್ಯಾಲೆನ ಇತ್ತು, ಒಂದು ಸಹಿ ಬಿಟ್ಟಿತ್ತಂತ, ಎರಡು ತಿಂಗಳಿಂದ ಯಾರೂ ಹೇಳಿದ್ದಿಲ್ಲ. ಈಗ ಹೋಗೈತಿ. ದುಡ್ಡು ಬಂದಿಲ್ಲ. ಅಪ್ಪಗ ಹೇಳಿದೆ, ‘ನಮ್ಮ ಸಾವ್ಕಾರನೂ ಹಂಗ ಅದಾನ ಬಿಡಪಾ’ ಅಂದ.

ನೀರು ತೂಕ ಮಾಡೋದು ದಿನಾ ರಾತ್ರಿ ಮಾಡಿದೆ. ನಾಕನೇ ದಿನಕ್ಕ ಕೈ ಕುಂತ್ತು, 99, 100, 100.5 ಹಿಂಗ ಬರಾಕತ್ತಿತ್ತು. ಆಮ್ಯಾಲೆ ಒಂದು ದಿನ ನನ್ನ ಪಿಪೆಟ್ ಯಾರೋ ಒಯ್ದಿದ್ರು, ಬಾಜೂ ಬೆಂಚಿಂದು ತಗೊಂಡು ಮಾಡಿದ್ರ 91, 92, 91. ನನ್ನ ಕೈನ ಕೆಟ್ಟೈತಿ ಅಂದ್ಕೊಂಡು ಇಪ್ಪತ್ತು ಸಲ ಮಾಡಿದೆ, ಅಷ್ಟ. ನಂದು ಸಿಕ್ಕ ಮ್ಯಾಲೆ ಮತ್ತ ಮಾಡಿದ್ರ ನೂರು. ಎರಡು ದಿನ ಹೇಳ್ಲೋ ಬ್ಯಾಡೋ ಅಂತ ಕುಂತೆ, ಯಾಕಂದ್ರ ಅದು ಆ ಸೀನಿಯರ್ ದಿನಾ ಬಳಸೋ ಪಿಪೆಟ್. ಕಡೀಕ ಸೋಮವಾರ ಮೀಟಿಂಗಿನ್ಯಾಗ ನನ್ನ ನೋಟ್‌ಬುಕ್ ತೆಗದು ತೋರಿಸಿದೆ, ಇಂಗ್ಲಿಷ್ ಭಾಳ ಬೇಕಾಗ್ಲಿಲ್ಲ, ಬರೇ ನಂಬರ್ ಇದ್ವಲ್ಲ. ಗೈಡ್ ಎದ್ದು ಹೋಗಿ ತಾವ ಬ್ಯಾಲೆನ್ಸ್ ಮ್ಯಾಲೆ ಹಾಕಿ ನೋಡಿದ್ರು. ಈಗ ಲ್ಯಾಬಿನ ಎಲ್ಲಾ ಪಿಪೆಟ್ ಕ್ಯಾಲಿಬ್ರೇಶನ್‌ಗೆ ಕಳಿಸ್ಯಾರ. ಸೀನಿಯರ್ ‘ಅದು ಹಳೇದು ಬಿಡು’ ಅಂದ್ರು, ಮತ್ತೇನೂ ಮಾತಾಡಿಲ್ಲ. ಮೆಸ್‌ನಾಗ ಟೇಬಲ್ ಕತಿ ಹಂಗ ಐತಿ.

ಹೋದ ವಾರ ನನ್ನ ಜರ್ನಲ್ ಕ್ಲಬ್ (ಒಂದು ಪೇಪರ್ ಓದಿ ಎಲ್ಲಾರ ಮುಂದ ಹೇಳೋದು) ಇತ್ತು, ಅದು ಮಾತ್ರ ಕೆಟ್ಟು ಕೆರ ಹಿಡೀತು, ಎರಡನೇ ಸ್ಲೈಡಿಗೆ ಬಾಯಿ ಒಣಗಿ ಮಾತ ಬರ್ಲಿಲ್ಲ. ಡೈರಿ ಬರಿಯಾಕತ್ತೀನಿ. ಅತಿಥಿ ಉಪನ್ಯಾಸಕರ ಅರ್ಜಿ ಕೊನೀ ದಿನ ನಿನ್ನೆ ಇತ್ತು, ಹಾಕ್ಲಿಲ್ಲ.

ಬಯೋಸ್ಟಾಟ್ ಪರೀಕ್ಷೆ ಹನ್ನೊಂದು ದಿನ ಐತಿ. ಧಾರವಾಡದ ಅಕ್ಕಾರ, ಆ ಜ್ವಾಳದ ತೆನಿ ಲೆಕ್ಕ ಬರದಿದ್ದು ಇದ್ರ ಫೋಟೋ ಹೊಡದು ಹಾಕ್ತೀರೇನು? ಅನೋವಾದ್ದೂ (ಎರಡಕ್ಕಿಂತ ಹೆಚ್ಚು ಗುಂಪು ಹೋಲಿಸೋ ಲೆಕ್ಕ) ಇದ್ರ ಛಲೋ.

---

ಧಾರವಾಡ_ಬಾಟನಿ_ಮೇಡಂ:

ಅನೋವಾಕ್ಕ ಮೂರು ಹೊಲ ಬೇಕು. ರಾತ್ರಿ ಅಡಗಿ ಮುಗಿಸಿ ಬರದು ಹಾಕ್ತೇನಿ, ಎಚ್ಚರ ಇರು.